ಎದ್ದು ನಿಂತದ್ದು ಚಪ್ಪಾಳೆಗೋ, ಕೋಟು ಹಾಕಿಕೊಳ್ಳೋಕೋ?

ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಹೊರಗೆ ಮೈನಸ್ 23 ಡಿಗ್ರಿ ಸೆಲ್ಸಿಯಸ್. ಅಮೆರಿಕದ ಮಿನಿಯಾಪೊಲಿಸ್‌ನ ಜನವರಿ ಅಂದರೆ ಹೀಗೇ. ಬಾಗಿಲು ತೆಗೆದರೆ ಮೂಗಿನೊಳಗಿನ ಕೂದಲೂ ಗಟ್ಟಿಯಾಗುತ್ತದೆ. ಅಕ್ಟೋಬರಿನಲ್ಲೇ ಒಳಗೆ ತಂದಿಟ್ಟ ಕರಿಬೇವಿನ ಗಿಡ ಅಡುಗೆಮನೆ ಕಿಟಕಿ ಪಕ್ಕ ಕೂತು ದಿನಕ್ಕೆ ನಾಲ್ಕೆಲೆ ಉದುರಿಸುತ್ತಿದೆ. ಎಲ್ಲಿಗೂ ಹೋಗುವ ಹಾಗಿಲ್ಲ. ಹುರುಳಿ ಬೇಯಲು ಇಟ್ಟು, ನಾನೂ ನನ್ನ ಹೆಂಡತಿಯೂ ಹೋದ ವಾರ ನೋಡಿದ ನಾಟಕದ ಬಗ್ಗೆ ಜಗಳಕ್ಕೆ ಕೂತೆವು.

ನೋಡಿದ್ದು ಗತ್ರಿ ಥಿಯೇಟರಿನಲ್ಲಿ. ಇದು ಶುರುವಾದದ್ದು 1963ರಲ್ಲಿ, ನಮ್ಮ ರವೀಂದ್ರ ಕಲಾಕ್ಷೇತ್ರದ ಓರಗೆ. ಮಿಸಿಸಿಪ್ಪಿ ದಂಡೆಯ ಈಗಿನ ಕಟ್ಟಡ 2006ರದ್ದು. ದೊಡ್ಡ ರಂಗಮಂದಿರದಲ್ಲಿ ವೇದಿಕೆ ಜನರ ನಡುವಿಗೇ ಚಾಚಿಕೊಂಡಿದೆ, ಮೂರು ಕಡೆಯೂ ಪ್ರೇಕ್ಷಕರು. ಮೊದಲ ಸಲ ನೋಡಿದಾಗ ನನಗೆ ಊರಿನ ಬಯಲಾಟ ನೆನಪಾಗಿತ್ತು. ಕನ್ನಡದ ನಂಟೂ ಇದೆ. 1993ರಲ್ಲಿ, ಹಳೆಯ ಕಟ್ಟಡದಲ್ಲಿ, ಕಾರ್ನಾಡರ ನಾಗಮಂಡಲ ಆಡಿದ್ದರು. ಅಗ್ನಿ ಮತ್ತು ಮಳೆ ಹುಟ್ಟಿದ್ದೂ ಇವರು ನಾಟಕ ಬರೆದುಕೊಡಿ ಅಂತ ಕೇಳಿದ್ದರಿಂದ.

ಹೋದ ವಾರದ ನಾಟಕ ಮಾತ್ರ ಸುಮಾರಾಗಿತ್ತು. ಬೆಳಕು, ರಂಗಸಜ್ಜಿಕೆಗೆ ಎರಡು ಮಾತಿಲ್ಲ. ಎರಡನೇ ಅಂಕ ಎಳೆದದ್ದು ಎಳೆದದ್ದೇ. ಆದರೂ ಕೊನೆಯಲ್ಲಿ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಇಲ್ಲಿ ನೋಡಿದ ಒಂದು ನಾಟಕವೂ ಕೂತ ಚಪ್ಪಾಳೆಯಲ್ಲಿ ಮುಗಿದಿಲ್ಲ. ಮುಂದಿನ ಸಾಲಿನಲ್ಲಿದ್ದ ಅಜ್ಜ ನಾಲ್ಕು ಸಲ ತಟ್ಟಿ, ಬಲಗೈಯನ್ನು ಕೋಟಿನ ತೋಳಿಗೆ ತೂರಿಸಿ, ಮತ್ತೆರಡು ಸಲ ತಟ್ಟಿ, ಎಡಗೈಯನ್ನೂ ತೂರಿಸಿದ. ಆಮೇಲೆ ಎಲ್ಲರೂ ಟೋಪಿ, ಕೈಗವಸು ಹಾಕಿಕೊಂಡು ಪಾರ್ಕಿಂಗ್ ಕಡೆ ದೌಡು. ಹತ್ತು ನಿಮಿಷದಲ್ಲಿ ಲಾಬಿ ಖಾಲಿ.

ನನಗೆ ಕೊರೆಯುವುದು ಇದೇ. ಬೆಂಗಳೂರಿನಲ್ಲಿ ಚಪ್ಪಾಳೆ ಕಡಿಮೆ, ಮಾತು ಜಾಸ್ತಿ. ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಬೈ-ಟೂ ಟೀ ಹಿಡಿದು "ಆ ರಾಜನ ಪಾತ್ರದವನು ಪೂರ್ತಿ ಓವರ್ ಮಾರಾಯಾ" ಅನ್ನುವಾಗ, ಬಣ್ಣ ಅರ್ಧ ಒರೆಸಿಕೊಂಡ ಅದೇ ರಾಜ ಪಕ್ಕದಲ್ಲಿ ನಿಂತಿರುತ್ತಿದ್ದ. ಅವನೂ ಬಿಡುತ್ತಿರಲಿಲ್ಲ, ವಾದಕ್ಕೆ ಇಳಿಯುತ್ತಿದ್ದ. ಕೊನೆ ಬಸ್ ಹೋದರೂ ನಾಟಕ ಮುಗಿಯುತ್ತಿರಲಿಲ್ಲ.

ಹಾಗಂತ ಊರಿನದೆಲ್ಲ ಚಿನ್ನ ಅಂತಲ್ಲ. ಆರೂವರೆ ಅಂತ ಕರೆದು, ಹಾರ, ಶಾಲು, ಭಾಷಣ ಮುಗಿಸಿ ಏಳೂಕಾಲಿಗೆ ಪರದೆ ಎತ್ತಿದ ಸಂಜೆಗಳೂ ನೆನಪಿವೆ. ಇಲ್ಲಿ ಎಪ್ಪತ್ತು ದಾಟಿದವರು ವಾಕರ್ ತಳ್ಳಿಕೊಂಡು ಹಿಮದಲ್ಲಿ ಬಂದು, ಹೇಳಿದ ಹೊತ್ತಿಗೆ ಸೀಟಿನಲ್ಲಿ ಇರುತ್ತಾರೆ. ಆದರೆ ಹೊತ್ತಿನ ವಿಷಯದಲ್ಲಿ ಅಮೆರಿಕವನ್ನೇ ಹೊಗಳುವವರು ಒಮ್ಮೆ ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಬೇಕು. ಗತ್ರಿಯಲ್ಲಿ ತಡವಾಗಿ ಬಂದವರನ್ನು ದೃಶ್ಯ ಬದಲಾಗುವಾಗ ಕತ್ತಲಲ್ಲಿ ಮೆಲ್ಲಗೆ ಕರೆದುಕೊಂಡು ಹೋಗಿ ಕೂರಿಸಿದ್ದನ್ನು ನೋಡಿದ್ದೇನೆ. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ಆ ಮುಲಾಜಿಲ್ಲ. ಎರಡು ನಿಮಿಷ ತಡವಾಗಿ ಹೋಗಿ, ತಪ್ಪು ನನ್ನದೇ ಅಂತ ಒಪ್ಪಿಕೊಂಡು, ಹೊರಗೆ ತಿಂಡಿ ತಿಂದು ವಾಪಸ್ ಬಂದವನು ನಾನು.

ನನ್ನ ಹೆಂಡತಿ ಇದ್ಯಾವುದನ್ನೂ ಒಪ್ಪಲಿಲ್ಲ. "ಅವರು ಅಷ್ಟು ಕಷ್ಟಪಟ್ಟಿದ್ದಾರೆ, ಎದ್ದು ನಿಂತರೆ ನಿಮ್ಮ ಗಂಟೇನು ಹೋಗುತ್ತೆ?" ಅಂದಳು. ನೀನು ಎದ್ದದ್ದೂ ಕೋಟು ಹಾಕಿಕೊಳ್ಳೋಕೇ ಅಲ್ವಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದಳು.

ಮುಂದಿನ ತಿಂಗಳ ಟಿಕೆಟ್ ತೆಗೆದಿದ್ದೇವೆ, ಮಧ್ಯಾಹ್ನದ ಆಟ. ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋಗೋಣ, ಮುಗಿದ ಮೇಲೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು ಎಷ್ಟು ಬೇಕೋ ಅಷ್ಟು ಬೈಯಿರಿ ಅಂತ ಒಗ್ಗರಣೆ ಹಾಕುತ್ತಲೇ ಹೇಳಿದಳು.