ಆಗಬೇಕಾಗಿದ್ದ 89

ಸೋಮವಾರ ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರಿದ್ದಾರೆ ಎಂದು ಇಣುಕಿ ನೋಡಿಯೇ ಕಾಲಿಡುವುದು ನನ್ನ ಅಭ್ಯಾಸ. ರಾಯರಿದ್ದರೆ, ಮೊಣಕಾಲು ಎಷ್ಟೇ ನೋಯಲಿ, ಮೆಟ್ಟಿಲೇ ಕ್ಷೇಮ. ಮೊನ್ನೆ ಮೊಬೈಲ್ ನೋಡುತ್ತ ನುಗ್ಗಿಬಿಟ್ಟೆ.

"97, ಇವರೇ" ಎಂದರು ರಾಯರು, ನಮಸ್ಕಾರಕ್ಕೂ ಮೊದಲು.

"ಪರವಾಗಿಲ್ಲವಲ್ಲ ಸಾರ್. ತಿಂಡಿಗೆ ಮುಂಚೆಯೋ ಆಮೇಲೋ?" ಎಂದೆ. ನಮ್ಮ ವಯಸ್ಸಿನವರು ಬೆಳಗಾಗೆದ್ದು ಒಂದು ಅಂಕಿ ಹೇಳಿದರೆ ಅದು ಸಕ್ಕರೆಯದಲ್ಲದೆ ಇನ್ನೇನು?

ಅದು ಗಾಲ್ಫ್. ಭಾನುವಾರದ ಆಟ. 18 ಹೋಲುಗಳಿಗೆ, ಅಂದರೆ ಕುಳಿಗಳಿಗೆ, ಚೆಂಡು ಬೀಳಿಸಲು ತಗುಲಿದ ಹೊಡೆತಗಳ ಲೆಕ್ಕ, ಕಡಿಮೆಯಾದಷ್ಟೂ ಮೇಲು. "97 ಎನ್ನುವುದು ಕಾಗದದ ಮೇಲೆ. ಸರಿಯಾಗಿ ನೋಡಿದರೆ ಅದು 89 ಆಗಬೇಕಾಗಿತ್ತು."

ಏಳನೆಯ ಮಹಡಿಯಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ನಾಲ್ಕು ಹೋಲ್ ಮುಗಿದಿದ್ದವು. ಉಳಿದ 14ನ್ನು ಪಾರ್ಕಿಂಗಿನ ಕಂಬಕ್ಕೆ ಒರಗಿ ಕೇಳಿದೆ. ಮೂರನೆಯ ಹೋಲಿನಲ್ಲಿ ಕೋಲು ಬೀಸುವ ಹೊತ್ತಿಗೆ ಸರಿಯಾಗಿ ಕಾಗೆ ಕೂಗಿತಂತೆ, ಎರಡು ಹೊಡೆತ ಹೋಯಿತು. ಎಂಟನೆಯದರಲ್ಲಿ ಹುಲ್ಲಿಗೆ ಬೆಳಿಗ್ಗೆಯಷ್ಟೇ ನೀರು ಬಿಟ್ಟಿದ್ದರಂತೆ, ಮತ್ತೆರಡು. ಹನ್ನೊಂದರಲ್ಲಿ ಜೊತೆಗಾರನಿಗೆ ಅವನ ಹೆಂಡತಿಯ ಫೋನ್ ಬಂತು, ಒಂದು. ಹದಿನೇಳರಲ್ಲಿ ಏನಾಯಿತೆಂದು ರಾಯರಿಗೂ ತಿಳಿಯದು, ಆದರೆ ಅದು ಅವರ ಸ್ವಭಾವಕ್ಕೆ ಹೊಂದುವಂಥದ್ದಲ್ಲವಾದ್ದರಿಂದ ಮೂರು. ಕಳೆದು ನೋಡಿ, 89.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಿದ್ದಾರೆ, ಬಲ್ಲೆ. ನಿಮ್ಮ ಕಚೇರಿಯಲ್ಲಿದ್ದರೆ ಅವರು ನಿಮ್ಮ ಮೇಲಧಿಕಾರಿಯೇ ಆಗಿರುತ್ತಾರೆ, ನಿಮಗೆ ಮೆಟ್ಟಿಲಿನ ಸೌಕರ್ಯವೂ ಇಲ್ಲ. ಕ್ರಿಕೆಟ್ ಆಡಿ ಸೊನ್ನೆಗೆ ಔಟಾದವನು ತೆಪ್ಪಗೆ ಮನೆಗೆ ಹೋಗುತ್ತಾನೆ. ಗಾಲ್ಫ್ ಆಡಿದವನು ಮಾತ್ರ ಸೋಲನ್ನು ಹೋಲ್ ಹೋಲಿಗೂ ಹರಿಕಥೆ ಮಾಡುತ್ತಾನೆ, ಅದೂ ಪಕ್ಕವಾದ್ಯವಿಲ್ಲದೆ.

ರಾಯರು ನಿವೃತ್ತ ಸೂಪರಿಂಟೆಂಡಿಂಗ್ ಎಂಜಿನಿಯರ್. 30 ವರ್ಷ ಅವರು ಕೈಯಿಟ್ಟ ಯಾವ ಕಾಮಗಾರಿಯ ಅಂದಾಜು ಪಟ್ಟಿಯೂ ಕೆಳಕ್ಕೆ ಇಳಿದದ್ದಿಲ್ಲ. ಈಗ ಅವರು ಬರೆಯುವ ಒಂದು ಅಂಕಿಯೂ ಮೇಲಕ್ಕೆ ಏರುತ್ತಿಲ್ಲ. ಇದನ್ನು ಪ್ರಾಯಶ್ಚಿತ್ತವೆಂದು ಭಾವಿಸಿ ನಾನು ಸಹಿಸಿಕೊಂಡಿದ್ದೇನೆ. (ಗಾಲ್ಫಿನ ಹೋಲನ್ನೂ ಬೆಂಗಳೂರಿನ ರಸ್ತೆಗುಂಡಿಯನ್ನೂ ಜೋಡಿಸಿ ಒಂದು ನಗೆ ಮಾತು ಇಲ್ಲಿ ಬರಬೇಕೆಂದು ಕಾದಿದ್ದೀರಿ. ಬರುವುದಿಲ್ಲ. ಗಾಲ್ಫಿನ ಹೋಲಿಗೆ ನಾಲ್ಕೂಕಾಲು ಇಂಚೆಂಬ ನಿಗದಿತ ಅಳತೆಯಿದೆ.)

ಆ ಆಟದ ಪದಗಳೂ ಅಷ್ಟೇ, ಕನ್ನಡದ ಕಿವಿಗೆ ಬಂದು ಬೇರೇನೋ ಆಗುತ್ತವೆ. ಪಾರ್ ಎಂದರೆ ಆ ಹೋಲನ್ನು ಇಷ್ಟು ಹೊಡೆತಗಳಲ್ಲಿ ಮುಗಿಸಬೇಕೆಂಬ ಲೆಕ್ಕ. ಸಾಮಾನ್ಯವಾಗಿ ಇಡೀ ಮೈದಾನಕ್ಕೆ 72. ಅದಕ್ಕಿಂತ ಒಂದು ಹೆಚ್ಚಾದರೆ ಬೋಗಿ, ಎರಡಾದರೆ ಡಬಲ್ ಬೋಗಿ, ಮೂರಾದರೆ ಟ್ರಿಪಲ್. "ನಿನ್ನೆ 11 ಬೋಗಿ, ನಾಲ್ಕು ಡಬಲ್" ಎಂದು ರಾಯರು ಹೇಳಿದ್ದನ್ನು ಬಾಗಿಲ ಮರೆಯಿಂದ ಕೇಳಿಸಿಕೊಂಡ ನನ್ನ ಮನೆಯವಳು, "ಪಾಪ, ಈ ವಯಸ್ಸಿನಲ್ಲಿ ರೈಲಿನಲ್ಲಿ ಎಲ್ಲಿಗೆ ಹೋಗಿದ್ದರಂತೆ?" ಎಂದಳು. ಪಾರ್ ಆದ ದಿನ ನಿಜವಾಗಿಯೂ ಪಾರಾದೆವೆಂದೇ ಅರ್ಥ, ಅವರೂ, ನಾವೂ. ಮಲ್ಲಿಗನ್ ಎಂದಾಗ ನನಗೆ ಮೊದಮೊದಲು ಮಲ್ಲಿಗೆಯೆಂದೇ ಕೇಳಿಸುತ್ತಿತ್ತು. ಅದು ಕೆಟ್ಟ ಹೊಡೆತವನ್ನು ಇಲ್ಲವೆಂದು ಭಾವಿಸಿ ಮತ್ತೊಂದು ಹೊಡೆಯುವ ಏರ್ಪಾಡು. ನಿಯಮದ ಪುಸ್ತಕದಲ್ಲಿ ಅಂಥದ್ದಿಲ್ಲ, ಭಾನುವಾರದ ಮೈದಾನದಲ್ಲಿ ಎಲ್ಲೆಲ್ಲೂ ಅರಳಿರುತ್ತದೆ. ಚೆಂಡು ಕುಳಿಯಿಂದ ಒಂದೆರಡು ಅಡಿ ದೂರದಲ್ಲಿ ನಿಂತರೆ "ಬಿಡಿ, ಅದು ಬಿದ್ದ ಹಾಗೆಯೇ" ಎಂದು ಎದುರಾಳಿ ಔದಾರ್ಯ ತೋರುವುದಕ್ಕೆ ಗಿಮ್ಮಿ ಎನ್ನುತ್ತಾರೆ. ಔದಾರ್ಯವೇನೂ ಪುಕ್ಕಟೆಯಲ್ಲ. ಮುಂದಿನ ಹೋಲಿನಲ್ಲಿ ಇವರು ಅವರಿಗೆ ಬಿಡಬೇಕು. ನಮ್ಮ ಮದುವೆಮನೆಗಳ ಮುಯ್ಯಿ ಹೀಗೆಯೇ.

"ಇದು ಸಜ್ಜನರ ಆಟ ಇವರೇ, ಇಲ್ಲಿ ಅಂಪೈರ್ ಇಲ್ಲ" ಎಂದು ರಾಯರು ಆಗಾಗ ಹೇಳುತ್ತಾರೆ. ಹೇಳಿದ ಮೇಲೆ ಬಾಬಿ ಜೋನ್ಸ್ ಬಂದೇ ಬರುತ್ತಾನೆ. 1925ರ ಅಮೆರಿಕದ ಓಪನ್ ಟೂರ್ನಿಯಲ್ಲಿ, ತನ್ನ ಚೆಂಡು ಕೂದಲೆಳೆಯಷ್ಟು ಅಲುಗಿತೆಂದು, ಬೇರೆ ಯಾರೂ ಕಾಣದಿದ್ದರೂ, ತನ್ನ ಮೇಲೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ ಮಹಾನುಭಾವ. ಆ ಹೊಡೆತವಿಲ್ಲದಿದ್ದರೆ ಅಲ್ಲಿಗೇ ಗೆದ್ದಿರುತ್ತಿದ್ದ. ಹಾಕಿಕೊಂಡದ್ದರಿಂದ ಸಮವಾಯಿತು, ಪ್ಲೇಆಫ್ ಆಡಿ ಸೋತ. ಯಾರೋ ಹೊಗಳಿದ್ದಕ್ಕೆ, ಬ್ಯಾಂಕ್ ದೋಚಲಿಲ್ಲವೆಂದು ಹೊಗಳಿದ ಹಾಗಾಯಿತು ಎಂಬರ್ಥದ ಮಾತು ಹೇಳಿದನಂತೆ. ರಾಯರು ಈ ಕಥೆಯನ್ನು ಕಣ್ಣಂಚು ಒದ್ದೆ ಮಾಡಿಕೊಂಡು ಹೇಳುತ್ತಾರೆ. ಸತ್ಯಹರಿಶ್ಚಂದ್ರನ ನಾಟಕ ನೋಡಿ ಅತ್ತವರೆಲ್ಲ ಮರುದಿನ ತಕ್ಕಡಿ ಬದಲಿಸಿದ್ದರೆ ಈ ದೇಶ ಹೀಗೇಕಿರುತ್ತಿತ್ತು?

ನಾವು ಆಡಿದ್ದು ಚಿನ್ನಿದಾಂಡು. ಅಲ್ಲಿಯೂ ಅಂಪೈರ್ ಇರಲಿಲ್ಲ, ಆದರೆ ಸಜ್ಜನಿಕೆಯ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ. ಚಿನ್ನಿ ಬಿದ್ದಲ್ಲಿಂದ ಗುಳಿಯವರೆಗೆ ದಾಂಡಿನಿಂದ ಅಳೆಯುವಾಗ ಎದುರು ಪಂಗಡದ ನಾಲ್ವರು ಮಂಡಿಯೂರಿ ಕೂರುತ್ತಿದ್ದರು. ದಾಂಡು ಅರ್ಧ ಅಂಗುಲ ಜಾರಿದರೂ ಮೊದಲಿನಿಂದ ಅಳತೆ. ನಮ್ಮ ಓಣಿಯಲ್ಲಿ 42ನೆಯ ದಾಂಡೋ 43ನೆಯ ದಾಂಡೋ ಎಂಬ ವಿಷಯಕ್ಕೆ ಎರಡು ಮನೆಯವರು ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಮಾತು ಬಿಟ್ಟಿದ್ದರು. ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ಅಂಥದ್ದೇ ಒಂದು ಲೆಕ್ಕ ತಪಾಸಣೆಯದು. ಅಲ್ಲಿ ಯಾರೂ "ಕಾಗೆ ಕೂಗಿತು, ನನಗೆ ಐದು ದಾಂಡು ಸೇರಿಸಿ" ಎಂದದ್ದಿಲ್ಲ. ಎಂದಿದ್ದರೆ ಇನ್ನೊಂದು ಹುಬ್ಬಿಗೂ ಗುರುತು ಬೀಳುತ್ತಿತ್ತು.

ಇನ್ನು ಹ್ಯಾಂಡಿಕ್ಯಾಪ್. ಕನ್ನಡದಲ್ಲಿ ಇದಕ್ಕೆ ಕೃಪಾಂಕ ಎನ್ನಬಹುದು. ಚೆನ್ನಾಗಿ ಆಡದವನಿಗೆ ಅವನ ಯೋಗ್ಯತೆಗೆ ತಕ್ಕಂತೆ ಇಷ್ಟು ಹೊಡೆತ ಮಾಫಿ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ: ಕಡೆಯ 20 ಆಟಗಳಲ್ಲಿ ಅತ್ಯುತ್ತಮವಾದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಮನುಷ್ಯನ ಮಟ್ಟ ಅಳೆಯುತ್ತಾರೆ. ಗರಿಷ್ಠ ಮಿತಿ 54, ಅಂದರೆ ಹೋಲಿಗೆ ಮೂರು ಕೃಪೆ. ಎಷ್ಟು ಉದಾತ್ತ ನೋಡಿ! ನಮ್ಮ ಬಡಾವಣೆಯ ಬಸ್ಸನ್ನು ಸಮಯಕ್ಕೆ ಬಂದ ಎಂಟು ದಿನಗಳಿಂದ ಮಾತ್ರ ಅಳೆದರೆ ಅದು ಜಪಾನಿನ ರೈಲು. ನನ್ನ ಅಂಕಣಗಳಲ್ಲಿ 12ನ್ನು ಮರೆತು ಎಂಟನ್ನು ಓದುವ ಓದುಗರು ಸಿಕ್ಕರೆ ನಾನೂ ದೊಡ್ಡ ಲೇಖಕನೇ.

ಆದರೆ ಕ್ಲಬ್ಬಿನ ಟ್ರೋಫಿ ಹತ್ತಿರ ಬಂತೆಂದರೆ ರಾಯರ ಸ್ಕೋರು ಇದ್ದಕ್ಕಿದ್ದಂತೆ ಕೆಡುತ್ತದೆ. 97 ಆದದ್ದು 104 ಎಂದು ದಾಖಲಾಗುತ್ತದೆ. "ಫಾರ್ಮ್ ಹೋಯಿತು ಇವರೇ" ಎಂದು ನಿಟ್ಟುಸಿರು. ಗುಟ್ಟು ಇಷ್ಟೆ: ಸ್ಕೋರು ಕೆಟ್ಟಷ್ಟೂ ಹ್ಯಾಂಡಿಕ್ಯಾಪ್ ಏರುತ್ತದೆ, ಹ್ಯಾಂಡಿಕ್ಯಾಪ್ ಏರಿದಷ್ಟೂ ಟ್ರೋಫಿಯ ದಿನ ಹೆಚ್ಚು ಮಾಫಿ. ಲಿಫ್ಟಿನಲ್ಲಿ 89, ದಾಖಲೆಯಲ್ಲಿ 104. ಬೀಗರಿಗೆ ಕಾರು ತೋರಿಸಿ ನ್ಯಾಯಬೆಲೆ ಅಂಗಡಿಯಲ್ಲಿ ಬಿಪಿಎಲ್ ಕಾರ್ಡು ತೋರಿಸುವ ನಾಡಿನಲ್ಲಿ ಇದನ್ನು ವಿವರಿಸುವ ಅಗತ್ಯವಿಲ್ಲ.

ಇಷ್ಟಕ್ಕೂ ಈ 'ಆಗಬೇಕಾಗಿತ್ತು' ರಾಯರೊಬ್ಬರ ಕಾಯಿಲೆಯಲ್ಲ. 2021ರ ಆಗಸ್ಟ್ 7ರ ಬೆಳಗಿನ ಜಾವ ನೆನಪಿದೆಯೇ? ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತು ಆಡುತ್ತಿದ್ದರು. ಹಿಂದಿನ ರಾತ್ರಿಯವರೆಗೆ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಎಂದರೆ ಹಕ್ಕಿಯೆಂದುಕೊಂಡಿದ್ದವರೆಲ್ಲ ನಾಲ್ಕಕ್ಕೇ ಎದ್ದು ಕೂತು, ಚೆಂಡನ್ನು ಕುಳಿಯತ್ತ ಮೆಲ್ಲಗೆ ಉರುಳಿಸುವ ಹೊಡೆತ ನೋಡಿ, "ಆ ಪಟ್ ಸ್ವಲ್ಪ ಎಡಕ್ಕೆ ಆಡಬೇಕಿತ್ತು" ಎನ್ನತೊಡಗಿದೆವು. ಮೂರು ಸುತ್ತು ಮುಗಿದಾಗ ಅವರು ಎರಡನೆಯ ಸ್ಥಾನದಲ್ಲಿದ್ದರು. ಮಳೆ ಬಂದು ನಾಲ್ಕನೆಯ ಸುತ್ತು ರದ್ದಾದರೆ ಬೆಳ್ಳಿ ಗ್ಯಾರಂಟಿ ಎಂಬ ಸುದ್ದಿ ಹಬ್ಬಿತು. ಇಡೀ ದೇಶ ಟೋಕಿಯೊ ಮಳೆಗಾಗಿ ಪ್ರಾರ್ಥಿಸಿತು. ನಮ್ಮ ಹಳ್ಳಿಗಳಲ್ಲಿ ಬರ ಬಂದಾಗ ಕಪ್ಪೆಗಳಿಗೆ ಮದುವೆ ಮಾಡುತ್ತೇವಲ್ಲ, ಅಂದು ಜಪಾನಿನ ಕಪ್ಪೆಗಳು ಕೈಗೆ ಸಿಕ್ಕಿದ್ದರೆ ತಾಳಿ ತಪ್ಪುತ್ತಿರಲಿಲ್ಲ. ಮಳೆ ಬಂದೂ ಬಂತು, ಆಟ ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು. ಆಕೆ ಮಳೆಯನ್ನು ಕೇಳಿರಲಿಲ್ಲ, ನಾವು ಕೇಳಿದ್ದು. ನಾಲ್ಕು ಸುತ್ತು ಸೇರಿ 269 ಹೊಡೆತ, ಕಂಚಿಗೆ ಒಂದೇ ಒಂದು ಹೆಚ್ಚು, ನಾಲ್ಕನೆಯ ಸ್ಥಾನ. ಆಕೆಗೆ ಯಾರೂ ಗಿಮ್ಮಿ ಬಿಡಲಿಲ್ಲ. 269 ಎಂದರೆ 269. ಆ ಅಂಕಿಯನ್ನು ಇಂದಿಗೂ 268 ಮಾಡುತ್ತಿರುವವರು ಟಿವಿ ಮುಂದೆ ಕೂತಿದ್ದ ನಾವು.

ರಾಯರ ಹರಿಕಥೆಯ ನಿಜಸ್ಥಿತಿ ತಿಳಿಯಲು ಒಂದು ಭಾನುವಾರ ನಾನೇ ಅವರೊಂದಿಗೆ ಹೊರಟೆ. ಯಾವ ಕ್ಲಬ್ ಎಂದು ಹೇಳುವುದಿಲ್ಲ, ಅಲ್ಲಿನ ದೋಸೆ ನನಗೆ ಇನ್ನೂ ಬೇಕು. ಎಡ ಜೇಬಿನಲ್ಲಿ ಹುಣಸೆಬೀಜ ತುಂಬಿಕೊಂಡಿದ್ದೆ. ರಾಯರು ಒಂದು ಹೊಡೆತ ಹೊಡೆದರೆ ಒಂದು ಬೀಜ ಬಲ ಜೇಬಿಗೆ. ಆರನೆಯ ಹೋಲಿನಲ್ಲಿ ಚೆಂಡು ಮರಳಿನ ಹೊಂಡಕ್ಕೆ ಬಿತ್ತು. ರಾಯರು ಇಳಿದರು. ತಲೆ ಕಾಣುತ್ತಿರಲಿಲ್ಲ, ಮರಳು ಮಾತ್ರ ಬುಗ್ಗೆಬುಗ್ಗೆಯಾಗಿ ಏಳುತ್ತಿತ್ತು. ನಾನು ಏಳು ಬೀಜ ದಾಟಿಸಿದೆ. ಮೇಲೆ ಬಂದ ರಾಯರು "ಐದು" ಎಂದು ಗಟ್ಟಿಯಾಗಿ ಹೇಳಿ, ಬೆವರು ಒರೆಸುವ ನೆಪದಲ್ಲಿ ಟವೆಲಿನೊಳಗೆ ಇನ್ನೇನೋ ಗೊಣಗಿದರು. ಧರ್ಮರಾಯ 'ಅಶ್ವತ್ಥಾಮ ಹತನಾದ' ಎಂದು ಗಟ್ಟಿಯಾಗಿ ಹೇಳಿ 'ಆನೆ' ಎಂಬುದನ್ನು ಮೆಲ್ಲಗೆ ನುಂಗಿದಾಗ ನೆಲದಿಂದ ನಾಲ್ಕು ಅಂಗುಲ ಮೇಲಿದ್ದ ಅವನ ರಥ ದೊಪ್ಪನೆ ಇಳಿಯಿತು. ಗಾಲ್ಫ್ ಗಾಡಿಗೆ ಆ ಭಯವಿಲ್ಲ, ಅದು ಮೊದಲಿನಿಂದಲೂ ನೆಲದ ಮೇಲೆಯೇ ಇದೆ.

ಆಟ ಮುಗಿದಾಗ ನನ್ನ ಬಲ ಜೇಬಿನಲ್ಲಿ 118 ಬೀಜ. ರಾಯರ ಕಾರ್ಡಿನಲ್ಲಿ 96.

ಚೀಲ ಹೊತ್ತು ನಡೆದಿದ್ದ ಕ್ಯಾಡಿಯನ್ನು ಪಕ್ಕಕ್ಕೆ ಕರೆದು ಕೇಳಿದೆ, "ನಿಜವಾಗಿ ಎಷ್ಟಾಯಿತಪ್ಪ?"

"ಸಾಹೇಬರು ಎಷ್ಟು ಬರೆದರೋ ಅಷ್ಟು ಸಾರ್" ಎಂದ. ನಗಲಿಲ್ಲ. ಎಷ್ಟೋ ಭಾನುವಾರಗಳಿಂದ ಸಾವಿರಾರು ಹೊಡೆತಗಳನ್ನು ನೋಡಿಯೂ ನೋಡದೆ ಇರುವ ಕಲೆ ಅವನದು. ಚೆಂಡನ್ನು ಕಾಲಿನಿಂದ ಸರಿಸಿದಾಗ ಆಕಾಶ ನೋಡುತ್ತಾನೆ. ಮಾತು ಬೆಳೆದು, ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಒಂದರಲ್ಲೇ ಎರಡು ಅಂಕಕ್ಕೆ ನಿಂತಳೆಂದ. "ಆ ವರ್ಷ ಕೃಪಾಂಕ ನಿಲ್ಲಿಸಿಬಿಟ್ಟರಲ್ಲ ಸಾರ್."

ನಿಮಗೆ ಗೊತ್ತಿರುವುದೇ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಕುಸಿಯಿತು. ಶೇಕಡಾ 10 ಇದ್ದ ಕೃಪಾಂಕವನ್ನು 20ಕ್ಕೆ ಏರಿಸಿ, ಪಾಸಾದವರ ಪ್ರಮಾಣವನ್ನು ಶೇಕಡಾ 73.40ಕ್ಕೆ ತಂದು ನಿಲ್ಲಿಸಿದರು. ಮುಖ್ಯಮಂತ್ರಿಗಳೇ ಆಕ್ಷೇಪಿಸಿದರು, ಮರುವರ್ಷ ಅದು ನಿಂತಿತು. ಆ ದಿನಗಳಲ್ಲಿ ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ರಾಯರು ಎದ್ದು ನಿಂತು ಹತ್ತು ನಿಮಿಷ ಮಾತನಾಡಿದ್ದರು. ವಿಷಯ ನೀರಿನ ಟ್ಯಾಂಕು, ಮಾತು ಕೃಪಾಂಕದ್ದು. ಪುಕ್ಕಟೆ ಅಂಕದಿಂದ ಈ ಪೀಳಿಗೆ ಹಾಳಾಯಿತು, ಗುಣಮಟ್ಟ ನೆಲ ಕಚ್ಚಿತು ಎಂದರು. 2025ರ ಅಕ್ಟೋಬರಿನಲ್ಲಿ ಉತ್ತೀರ್ಣದ ಗೆರೆಯನ್ನು 35ರಿಂದ 33ಕ್ಕೆ ಇಳಿಸುವ ಪ್ರಕಟಣೆ ಬಂದಾಗ ಪತ್ರಿಕೆಗೆ ಓದುಗರ ಪತ್ರ ಬರೆದರು, ಅಚ್ಚೂ ಆಯಿತು. ರಾಯರ ಹ್ಯಾಂಡಿಕ್ಯಾಪ್ 26.

ನನಗೆ ನಗು ಬರಲಿಲ್ಲ. ಆ ಹುಡುಗಿಯ ತಲೆಯ ಮೇಲೆ ಕ್ಯಾಮೆರಾ ಇತ್ತು. ಅವಳ ಉತ್ತರಪತ್ರಿಕೆಯನ್ನು ಯಾರೋ ಗುರುತು ಪರಿಚಯವಿಲ್ಲದವರು ತಿದ್ದಿದರು. ಎರಡು ಅಂಕ ಕಡಿಮೆ ಬಿತ್ತು, ಎರಡೂ ಲೆಕ್ಕಕ್ಕೆ ಬಂತು. ಅವಳು ಯಾವ ಲಿಫ್ಟಿನಲ್ಲೂ ನಿಂತು "ಅದು 35 ಆಗಬೇಕಾಗಿತ್ತು" ಎಂದು ಹೇಳಿಲ್ಲ. ಪರೀಕ್ಷೆ-2ಕ್ಕೆ ಕೂತು ಪಾಸಾದಳಂತೆ. ಅದೂ ಒಂದು ಮಲ್ಲಿಗನ್ ತಾನೇ ಎಂದು ನೀವು ಕೇಳಬಹುದು. ಮತ್ತೆ ಕ್ಯಾಮೆರಾ, ಮತ್ತೆ ಮೂರು ಗಂಟೆ ಇದ್ದವು ಸ್ವಾಮಿ. ಭಾನುವಾರ ಹುಲ್ಲಿನ ಮೇಲೆ 22 ಹೊಡೆತ ನುಂಗಿದವರು ಸೋಮವಾರ ಬಡವರ ಮಕ್ಕಳ ಎರಡು ಅಂಕದ ಗುಣಮಟ್ಟ ಕಾಯಲು ಹೊರಡುತ್ತಾರೆ. ಸಾಕಾಗಿದೆ.

"ಇವರೇ, ಇಲ್ಲಿ ಬನ್ನಿ" ಎಂದು ರಾಯರು ಮೇಜಿನಿಂದ ಕರೆದರು. ಜೊತೆಗಾರ ಹೆಂಡತಿಯ ಫೋನಿಗೆ ಓಗೊಟ್ಟು ಮೊದಲೇ ಹೋಗಿಬಿಟ್ಟಿದ್ದ. ಕಾರ್ಡಿಗೆ ಆಟ ನೋಡಿದ ಇನ್ನೊಬ್ಬರ ಸಹಿ ಬೇಕಂತೆ. "ನೋಡಿದವರು ನೀವೇ ತಾನೆ. 96. ನಿಜವಾಗಿ 88 ಆಗಬೇಕಾಗಿತ್ತು, ಆ ಮರಳಿನ ಹೊಂಡ ಇಲ್ಲದಿದ್ದರೆ."

ಪೆನ್ನು ತೆಗೆಯಲು ಜೇಬಿಗೆ ಕೈ ಹಾಕಿದೆ. ಹುಣಸೆಬೀಜ ಕೈಗೆ ಸಿಕ್ಕಿತು. ಕ್ಯಾಡಿ ಚೀಲದ ಕೋಲುಗಳನ್ನು ಒಂದೊಂದಾಗಿ ಒರೆಸುತ್ತ ದೂರದಿಂದ ನೋಡುತ್ತಿದ್ದ, ಆಮೇಲೆ ಆಕಾಶ ನೋಡಿದ.

"ದೋಸೆ ಹೇಳಿದ್ದೇನೆ, ಖಾಲಿಯೋ ಮಸಾಲೆಯೋ?" ಎಂದರು ರಾಯರು.

"ಮಸಾಲೆ" ಎಂದೆ. ಅವರ ಪೆನ್ನನ್ನೇ ಕೇಳಿ ಪಡೆದು ಸಹಿ ಹಾಕಿದೆ.