ತರಗೆಲೆ ಸುಟ್ಟರೆ ಗೊಬ್ಬರ ಆಗುತ್ತಾ? ಸತ್ಯಾಂಶ ಇದು

"ಉದುರಿದ ಎಲೆ ಗುಡಿಸಿ ಸುಟ್ಟುಬಿಡಿ, ಬೂದಿಯೇ ಒಳ್ಳೆ ಗೊಬ್ಬರ, ಹುಳನೂ ಸಾಯುತ್ತೆ" ಅಂತ ಒಂದು ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅರ್ಧ ಮಾತ್ರ ನಿಜ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಉಳಿಯುತ್ತವೆ, ಸರಿ. ಆದರೆ ಎಲೆಯಲ್ಲಿದ್ದ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯ ಜೊತೆ ಹೋಗುತ್ತದೆ, ಮಣ್ಣನ್ನು ಮೆತ್ತಗೆ ಇಡುವ ಇಂಗಾಲವೂ ಹೋಗುತ್ತದೆ. ದಮ್ಮು ಇರುವವರಿಗಂತೂ ಆ ಹೊಗೆ ತುಂಬಾ ಕಷ್ಟ.

ನಮ್ಮ ಮೈಸೂರಿನಲ್ಲಿ ಎಲೆ ಜಾಸ್ತಿ ಉದುರುವುದು ಚಳಿ ಮುಗಿಯುವ ಹೊತ್ತಿಗೆ. ಫೆಬ್ರವರಿಯಲ್ಲಿ ಯಾವುದಾದರೂ ಹೊಂಗೆ ಮರದ ಕೆಳಗೆ ನೋಡಿ, ಗೊತ್ತಾಗುತ್ತದೆ. ಹಿಂದೆಯೇ ಬೇಸಿಗೆ ಬರುತ್ತೆ ಅಲ್ವಾ? ಆ ಎಲೆಯನ್ನೇ ಗಿಡದ ಸುತ್ತ 2-3 ಇಂಚು ಹಾಸಿದರೆ ತೇವ ಬೇಗ ಆರುವುದಿಲ್ಲ, ನೀರು ಕಡಿಮೆ ಸಾಕು, ನಿಧಾನಕ್ಕೆ ಎರೆಹುಳನೂ ಬರುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯಬಹುದು.

ರೋಗ ಬಂದ ಎಲೆ ಇದ್ದರೆ ಅದನ್ನಷ್ಟೇ ಬೇರೆ ತೆಗೆಯಿರಿ. ಅದಕ್ಕಾಗಿ ಸುಮ್ನೆ ಎಲ್ಲವನ್ನೂ ಸುಡಬೇಕಿಲ್ಲ.

ಮಿಕ್ಕಿದ್ದನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ, ತರಕಾರಿ ಸಿಪ್ಪೆ, ಸ್ವಲ್ಪ ಸಗಣಿ ಸೇರಿಸಿ, ಆಗಾಗ ನೀರು ಚಿಮುಕಿಸಿ ಮಗುಚುತ್ತಿದ್ದರೆ 3-4 ತಿಂಗಳಲ್ಲಿ ಕಪ್ಪು ಗೊಬ್ಬರ ಆಗುತ್ತದೆ, ಸರಿಯಾಗಿ ಮುಂಗಾರಿನ ಹೊತ್ತಿಗೆ.