ಅವಧಿ ಮುಗಿದದ್ದು ಸ್ಟಿಕ್ಕರ್‌ದು, ಕೆಳಗಿಳಿಯಬೇಕಾದವರು ನೀವು

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಕಾರಿನ ನಂಬರ್ ಪ್ಲೇಟಿನ ಮೂಲೆಗೆ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ತಿಂಗಳು, ವರ್ಷ, ಅಷ್ಟೇ. ರಿಜಿಸ್ಟ್ರೇಷನ್ ಯಾವಾಗ ಮುಗಿಯುತ್ತದೆ ಅಂತ ಹೇಳುವ ಬಡಪಾಯಿ ಚೀಟಿ ಅದು. ಸರ್ಕಾರಕ್ಕೆ ಫೀಸು ಸೇರಿದೆಯೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡ ಸಂಗತಿ ಏನೂ ಅದರಲ್ಲಿಲ್ಲ. ಆದರೆ ಆ ತಿಂಗಳು ದಾಟಿದ ಕೂಡಲೇ ಅದಕ್ಕೊಂದು ಶಕ್ತಿ ಬರುತ್ತದೆ. ಸರಿಯಾದ ಕಾರಣವಿಲ್ಲದೆ ಯಾರನ್ನೂ ಹಿಡಿಯಬಾರದು, ಯಾರ ಸಾಮಾನನ್ನೂ ತಡಕಾಡಬಾರದು ಅಂತ 1791ರಿಂದ ಎದೆ ಸೆಟೆಸಿ ನಿಂತಿರುವ ಸಂವಿಧಾನದ ನಾಲ್ಕನೇ ತಿದ್ದುಪಡಿ, ಈ ಚೀಟಿಯನ್ನು ಕಂಡ ತಕ್ಷಣ ಪಕ್ಕಕ್ಕೆ ಸರಿದು ಪೊಲೀಸರಿಗೆ ದಾರಿ ಬಿಡುತ್ತದೆ.

ಉತ್ಪ್ರೇಕ್ಷೆ ಅಂತೀರಾ? ಫಿಲಡೆಲ್ಫಿಯಾದ ಮಿಮ್ಸ್ ಕೇಸು ನೋಡಿ. ಆತನ ಕಾರಿನ ಪ್ಲೇಟಿನ ಅವಧಿ ಮುಗಿದಿತ್ತು. ದಂಡದ ಚೀಟಿ ಬರೆಯೋಣ ಅಂತ ಪೊಲೀಸರು ನಿಲ್ಲಿಸಿದರು, ಕೆಳಗಿಳಿ ಅಂದರು. ಇಳಿದಾಗ ಜಾಕೆಟ್ ಕೆಳಗೆ ಏನೋ ಉಬ್ಬಿದ್ದು ಕಾಣಿಸಿತು, ತಡವಿದರೆ ರಿವಾಲ್ವರ್. 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಾನೂನು ಪ್ರಕಾರ ಗಾಡಿ ನಿಲ್ಲಿಸಿದ ಮೇಲೆ ಚಾಲಕನನ್ನು ಕೆಳಗಿಳಿಸುವುದಕ್ಕೆ ಬೇರೆ ಕಾರಣ ಬೇಕಿಲ್ಲ, ಅಧಿಕಾರಿಯ ಸುರಕ್ಷತೆಯ ಮುಂದೆ ಈ ತೊಂದರೆ ತೀರಾ ಚಿಕ್ಕದು. ಮಿಮ್ಸ್ ಸಾಚಾ ಮನುಷ್ಯ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಜೇಬಿನಲ್ಲಿ ಒಂದು ಪೆನ್ನು ಕೂಡ ಇಲ್ಲದವರಿಗೂ ಅವತ್ತಿನಿಂದ ಅದೇ ನಿಯಮ.

ಸರಿ, ನಿಲ್ಲಿಸಿದ್ದೇ ತಪ್ಪು ಅಂತ ಕೋರ್ಟಿಗೆ ಹೋಗೋಣ. ಅದಕ್ಕೆ ದಾರಿ ಇದೆ. ಅಕ್ರಮವಾಗಿ ತಡೆದು ಹುಡುಕಿದರೆ ಸಿಕ್ಕಿದ ಸಾಕ್ಷ್ಯವನ್ನು ಕೇಸಿನಿಂದ ಹೊರಗಿಡಿ ಅಂತ ಅರ್ಜಿ ಹಾಕಬಹುದು, 1961ರಿಂದ ಎಲ್ಲ ರಾಜ್ಯಗಳ ಕೋರ್ಟುಗಳೂ ಇದನ್ನು ಪಾಲಿಸಬೇಕು. ಕೇಳಲಿಕ್ಕೆ ಸೊಗಸಾಗಿದೆ ಅಲ್ವಾ? ಅರ್ಜಿ ಬರೆಯಲು ಕೂತಾಗ ಗೊತ್ತಾಗುತ್ತದೆ, ನೀವು ಹೇಳಬೇಕು ಅಂದುಕೊಂಡಿದ್ದನ್ನೆಲ್ಲ ಯಾರೋ ಮೊದಲೇ ಹೇಳಿ ಸೋತಿದ್ದಾರೆ.

ಸ್ಟಿಕ್ಕರ್ ಬರೀ ನೆಪ, ಅವರಿಗೆ ಬೇಕಿದ್ದದ್ದು ಕಾರಿನ ಒಳಗೆ ಇಣುಕಿ ನೋಡುವುದು ಅಂತ ಲಾಯರ್ ಹೇಳಬಹುದು. ನಿಜವೇ ಇರಬಹುದು. ಆದರೆ 1996ರ ವ್ರೆನ್ ತೀರ್ಪಿನ ಪ್ರಕಾರ ಪೊಲೀಸರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಲೆಕ್ಕಕ್ಕಿಲ್ಲ, ರಸ್ತೆ ನಿಯಮ ಮುರಿದಿದ್ದು ಕಂಡಿತ್ತು ಅಂದರೆ ಸಾಕು. ಆ ಕೇಸಿನಲ್ಲಿ ಮಾದಕವಸ್ತು ಹಿಡಿಯುವ ದಳದವರು ಮಫ್ತಿಯಲ್ಲಿ, ಗುರುತಿಲ್ಲದ ಕಾರಿನಲ್ಲಿ ಗಸ್ತು ತಿರುಗುತ್ತಿದ್ದರು. ಒಂದು ಗಾಡಿ ಸ್ಟಾಪ್ ಬೋರ್ಡಿನ ಹತ್ತಿರ 20 ಸೆಕೆಂಡಿಗಿಂತ ಜಾಸ್ತಿ ನಿಂತಿದ್ದು ನೋಡಿ ಅವರಿಗೆ ಸಂಚಾರ ಸುರಕ್ಷತೆಯ ಬಗ್ಗೆ ಇದ್ದಕ್ಕಿದ್ದಂತೆ ಚಿಂತೆ ಹತ್ತಿತು. ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಸರಿ ಎಂದರು.

ಪೊಲೀಸರು ಸೋತ ಕೇಸೂ ಉಂಟು. 1979ರ ಪ್ರೌಸ್ ಕೇಸು. ಡೆಲವೇರ್‌ನ ಪೊಲೀಸೊಬ್ಬರು ಕಾರು ನಿಲ್ಲಿಸಿದರು, ಲೈಸೆನ್ಸ್ ಮತ್ತು ರಿಜಿಸ್ಟ್ರೇಷನ್ ನೋಡೋಣ ಅಂತ. ಯಾಕೆ ನಿಲ್ಲಿಸಿದಿರಿ ಅಂತ ಕೋರ್ಟಿನಲ್ಲಿ ಕೇಳಿದರೆ, ಆಗ ಬೇರೆ ದೂರುಗಳ ಕೆಲಸ ಏನೂ ಇರಲಿಲ್ಲ, ಕಾರು ಕಾಣಿಸಿತು, ನಿಲ್ಲಿಸಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಯಾವ ನಿಯಮ ಮುರಿದದ್ದನ್ನೂ ನೋಡಿರಲಿಲ್ಲ. ಸುಮ್ನೆ ಹೀಗೆ ಕಾಗದ ಪತ್ರ ನೋಡಲು ಯಾರನ್ನೂ ನಿಲ್ಲಿಸುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಪೊಲೀಸ್ ಇಲಾಖೆಗಳು ಇದರಿಂದ ಏನು ಕಲಿತವೋ ಗೊತ್ತಿಲ್ಲ, ನನಗಂತೂ ಪ್ರಾಮಾಣಿಕತೆ ದುಬಾರಿ ಅಂತ ತೋರುತ್ತದೆ. ಹಿಂದಿನ ಪ್ಲೇಟಿನಲ್ಲಿ ಹಳೇ ತಿಂಗಳು ಕಾಣಿಸಿತು ಅಂದಿದ್ದರೆ ಕಥೆಯೇ ಬೇರೆ.

ಈಗ ಅಸಲಿ ತಮಾಷೆಗೆ ಬರೋಣ. ಪೊಲೀಸರು ಕಾನೂನನ್ನೇ ತಪ್ಪಾಗಿ ತಿಳಿದುಕೊಂಡಿದ್ದರೆ? 2009ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹಾಗೇ ಆಯಿತು. ಚಾಲಕ ಬಿಗಿಯಾಗಿ, ಗಾಬರಿಯಾದವನ ಹಾಗೆ ಕೂತಿದ್ದಾನೆ ಅನ್ನಿಸಿ ಒಬ್ಬ ಸಾರ್ಜೆಂಟ್ ಹಿಂದೆ ಹೊರಟರು. (ಹೆದ್ದಾರಿಯಲ್ಲಿ ಪೊಲೀಸ್ ಗಾಡಿ ಬೆನ್ನಿಗಿರುವಾಗ ಹಾಯಾಗಿ ಕೂರುವವನೇ ನಿಜವಾಗಿ ಅನುಮಾನಾಸ್ಪದ ಅಂತ ನನ್ನ ಭಾವನೆ.) ಒಂದು ಬ್ರೇಕ್ ಲೈಟ್ ಹತ್ತುತ್ತಿರಲಿಲ್ಲ. ನಿಲ್ಲಿಸಿದರು, ಮಾತಾಡಿದರು, ಒಪ್ಪಿಗೆ ಕೇಳಿ ಹುಡುಕಿದರು, ಕೊಕೇನ್ ಸಿಕ್ಕಿತು. ಕಾರಿನ ಮಾಲೀಕ ಹೈನ್ ಹಿಂದಿನ ಸೀಟಿನಲ್ಲಿ ಮಲಗಿದ್ದ. ಆಮೇಲೆ ರಾಜ್ಯದ ಮೇಲ್ಮನವಿ ಕೋರ್ಟ್ ಕಾನೂನಿನ ಪುಸ್ತಕ ತೆರೆದು ನೋಡಿದರೆ, ಬ್ರೇಕ್ ಲೈಟ್ ಒಂದು ಹತ್ತಿದರೂ ಸಾಕು ಅಂತ ಅರ್ಥ ಬರುತ್ತದೆ! ಅಂದರೆ ನಿಲ್ಲಿಸಿದ ಅಪರಾಧ ಅಪರಾಧವೇ ಅಲ್ಲ.

2014ರಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರಂತೆ ತೀರ್ಪು ಕೊಟ್ಟಿತು. ತಪ್ಪು ತಿಳಿವಳಿಕೆಯೇ ಆದರೂ ಅದು ಸಮಂಜಸವಾದ ತಪ್ಪು ತಿಳಿವಳಿಕೆ, ಆದ್ದರಿಂದ ನಿಲ್ಲಿಸಿದ್ದು ಸರಿ. ನ್ಯಾಯಮೂರ್ತಿ ಸೊಟೊಮೇಯರ್ ಒಬ್ಬರೇ ಒಪ್ಪಲಿಲ್ಲ. ಕಾನೂನು ಗೊತ್ತಿರಲಿಲ್ಲ ಅನ್ನುವುದು ನೆಪವಲ್ಲ ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರಲ್ಲ, ಅದಕ್ಕೇನು ಗತಿ? ಕೋರ್ಟ್ ಅದಕ್ಕೂ ಉತ್ತರ ಕೊಟ್ಟಿದೆ. ಇಲ್ಲದ ಕಾನೂನಿನಡಿ ನಿಮಗೆ ಶಿಕ್ಷೆ ಕೊಡುವಂತಿಲ್ಲ, ಆದರೆ ನಿಲ್ಲಿಸಬಹುದು. ಅಂದರೆ ಹತ್ತದ ಲೈಟಿಗೆ ದಂಡವಿಲ್ಲ, ಆ ಲೈಟಿನ ದೆಸೆಯಿಂದ ಸಿಕ್ಕಿದ್ದಕ್ಕೆ ಜೈಲು. ಸಂಬಳ ತೆಗೆದುಕೊಂಡು ಕಾನೂನು ಕಾಯುವವರಿಗೆ ಪುಸ್ತಕ ತಪ್ಪಾಗಿ ಓದುವ ರಿಯಾಯಿತಿ. ಸ್ಟಿಕ್ಕರ್ ಮೇಲಿನ ತಿಂಗಳು ಮರೆತ ನಿಮಗೆ ಮಾತ್ರ ಒಂದು ದಿನದ ರಿಯಾಯಿತಿಯೂ ಇಲ್ಲ.

ಕಂಪ್ಯೂಟರ್ ತಪ್ಪಿದ್ದರೆ? ರಿಜಿಸ್ಟ್ರೇಷನ್ ಜಗಳಗಳಲ್ಲಿ ಇದು ದೊಡ್ಡ ತಲೆನೋವು, ಯಾಕೆಂದರೆ ನೀವು ದುಡ್ಡು ಕಟ್ಟಿದ ಕ್ಷಣಕ್ಕೂ ಪೊಲೀಸ್ ಗಾಡಿಯ ಪರದೆಗೆ ಆ ಸುದ್ದಿ ಮುಟ್ಟುವ ಕ್ಷಣಕ್ಕೂ ನಡುವೆ ಎಷ್ಟು ಗುಮಾಸ್ತರು ಚಹಾ ಕುಡಿಯುತ್ತಾರೋ ಯಾರಿಗೆ ಗೊತ್ತು. ವಾರಂಟ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿದೆ ನೋಡಿ. ಅರಿಜೋನಾದ ಇವಾನ್ಸ್ ಮೇಲಿನ ವಾರಂಟ್ 17 ದಿನ ಮೊದಲೇ ರದ್ದಾಗಿತ್ತು, ಕಂಪ್ಯೂಟರಿನಲ್ಲಿ ಮಾತ್ರ ಜೀವಂತವಾಗಿತ್ತು. ಹಿಡಿದರು, ಗಾಂಜಾ ಸಿಕ್ಕಿತು. ತಪ್ಪು ಕೋರ್ಟ್ ಸಿಬ್ಬಂದಿಯದು, ಪೊಲೀಸರದಲ್ಲ, ಸಾಕ್ಷ್ಯ ಇರಲಿ ಎಂದರು 1995ರಲ್ಲಿ. ಹಾಗಾದರೆ ಪೊಲೀಸ್ ಕಡೆಯವರದೇ ತಪ್ಪಾದರೆ? ಅಲಬಾಮಾದ ಹೆರಿಂಗ್ ಕೇಸಿನಲ್ಲಿ ವಾರಂಟ್ ವಾಪಸಾಗಿ ಐದು ತಿಂಗಳಾಗಿತ್ತು, ಪಕ್ಕದ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಶೆರಿಫ್ ಕಚೇರಿಯಲ್ಲಿ, ಅಂದರೆ ಅಲ್ಲಿನ ಪೊಲೀಸ್ ಕಚೇರಿಯಲ್ಲಿ, ದಾಖಲೆ ತಿದ್ದಿರಲಿಲ್ಲ. 2009ರ ತೀರ್ಪು: ಇದು ಬಿಡಿ ನಿರ್ಲಕ್ಷ್ಯ, ಸಾಕ್ಷ್ಯ ಇರಲಿ. ಅಲ್ಲಿಗೆ ಆ ಬಾಗಿಲೂ ಅರ್ಧ ಮುಚ್ಚಿತು.

ಕಾರು ನನ್ನದು, ಓಡಿಸುತ್ತಿದ್ದವನು ನಾನೇ ಅಂತ ಅವರಿಗೆ ಹೇಗೆ ಗೊತ್ತಿತ್ತು ಅಂತೀರಾ? ಸಾಮಾನ್ಯವಾಗಿ ಮಾಲೀಕನೇ ಓಡಿಸುತ್ತಾನೆ ಅಂತ ಊಹಿಸಬಹುದು ಅಂದಿದ್ದಾರೆ 2020ರಲ್ಲಿ, ಕಾನ್ಸಾಸ್‌ನ ಗ್ಲೋವರ್ ಕೇಸಿನಲ್ಲಿ. ಇಂಥ ಚಿಲ್ಲರೆ ವಿಷಯಕ್ಕೆ ಇಷ್ಟೊಂದಾ ಅಂತೀರಾ? 2001ರಲ್ಲಿ ಟೆಕ್ಸಾಸ್‌ನ ಒಬ್ಬ ತಾಯಿ ಹಾಗೇ ಕೇಳಿ ಸೋತರು. ಸೀಟ್ ಬೆಲ್ಟ್ ಹಾಕಿರಲಿಲ್ಲ, ಅದಕ್ಕೆ ಗರಿಷ್ಠ ದಂಡ 50 ಡಾಲರ್, ಆದರೂ ಬೇಡಿ ಹಾಕಿ ಕರೆದುಕೊಂಡು ಹೋಗಿದ್ದು ಸಂವಿಧಾನಕ್ಕೆ ವಿರುದ್ಧವಲ್ಲವಂತೆ.

ಕೆಲವು ಕಡೆ ಸರ್ಕಾರಗಳಿಗೇ ನಾಚಿಕೆಯಾಯಿತು ಅಂತ ಕಾಣುತ್ತದೆ. ವರ್ಜೀನಿಯಾದಲ್ಲಿ 2021ರ ಮಾರ್ಚ್‌ನಿಂದ, ಸ್ಟಿಕ್ಕರ್ ಅವಧಿ ಮುಗಿದು ನಾಲ್ಕನೇ ತಿಂಗಳ ಮೊದಲ ದಿನ ಬರುವವರೆಗೆ ಅದೊಂದೇ ಕಾರಣಕ್ಕೆ ಗಾಡಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸಿಕ್ಕ ಸಾಕ್ಷ್ಯ ನಡೆಯುವುದಿಲ್ಲ, ನೀವೇ ಹುಡುಕಿ ಅಂತ ಒಪ್ಪಿದ್ದರೂ ನಡೆಯುವುದಿಲ್ಲ. ಮಿಮ್ಸ್‌ನ ಊರು ಫಿಲಡೆಲ್ಫಿಯಾ ಕೂಡ 2022ರಿಂದ 60 ದಿನಗಳ ವಿನಾಯಿತಿ ಕೊಟ್ಟಿದೆ. ಪೆನ್ಸಿಲ್ವೇನಿಯಾ ರಾಜ್ಯವಂತೂ 2016ರ ಕೊನೆಗೆ ಸ್ಟಿಕ್ಕರ್ ಕೊಡುವುದನ್ನೇ ನಿಲ್ಲಿಸಿತು. ಸ್ಟಿಕ್ಕರ್ ಹೋಯಿತು ಅಂತ ಖುಷಿಪಡಬೇಡಿ. ಈಗ ಪ್ಲೇಟ್ ಓದುವ ಕ್ಯಾಮೆರಾ ಇದೆ, ಅದಕ್ಕೆ ಬೇಜಾರೂ ಇಲ್ಲ, ಕೋರ್ಟಿನಲ್ಲಿ ಬಾಯಿ ತಪ್ಪಿ ನಿಜ ಹೇಳುವ ಅಪಾಯವೂ ಇಲ್ಲ.

ಇಷ್ಟೆಲ್ಲ ದಾಟಿಯೂ ನೀವು ಗೆದ್ದಿರಿ ಅಂದುಕೊಳ್ಳಿ. ನ್ಯಾಯಾಧೀಶರು ನಿಲ್ಲಿಸಿದ್ದು ಅಕ್ರಮ ಎಂದರು, ಸಾಕ್ಷ್ಯ ಹೊರಗೆ ಹೋಯಿತು, ಲಾಯರ್ ಕೈಕುಲುಕಿ ಬಿಲ್ಲು ಕೊಟ್ಟರು. ರಿಜಿಸ್ಟ್ರೇಷನ್ ನವೀಕರಿಸುವ ಆದೇಶ ಮಾತ್ರ ಆ ತೀರ್ಪಿನಲ್ಲಿ ಇರುವುದಿಲ್ಲ. ಅದಕ್ಕೆ ಬೇರೆ ಕಚೇರಿ, ಬೇರೆ ಕ್ಯೂ, ಮೇಲೆ ತಡವಾದದ್ದಕ್ಕೆ ದಂಡ. ಅಲ್ಲಿಗೆ ಹೋಗಬೇಕಾದರೆ ಕೋರ್ಟಿನ ಪಾರ್ಕಿಂಗಿನಿಂದ ಅದೇ ಕಾರನ್ನು ಹೊರಗೆ ತೆಗೆಯಬೇಕು, ಗೇಟಿನಲ್ಲಿ ನಿಂತ ಪೊಲೀಸರಿಗೆ ಈ ಸಲ ಯಾವ ತಪ್ಪು ತಿಳಿವಳಿಕೆಯ ಅಗತ್ಯವೂ ಇಲ್ಲ.